ಊಟಿಯ ಹಿಮ, ಡಬ್ಬದ ಆಲೂಗಡ್ಡೆ



ಊಟಿ ನಿಮಗೆ ಹೊಸದಲ್ಲ. ಚೆನ್ನೈನಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಊಟಿ ನೋಡದವರು ಬಹಳ ಕಡಿಮೆ. ಮೇ ತಿಂಗಳ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಹೋಗಿರುತ್ತೀರಿ, ಸರೋವರದಲ್ಲಿ ದೋಣಿ ಹತ್ತಿರುತ್ತೀರಿ, ಸಸ್ಯೋದ್ಯಾನದ ಹುಲ್ಲಿನ ಮೇಲೆ ಕುಳಿತು ಫೋಟೋ ತೆಗೆಸಿಕೊಂಡಿರುತ್ತೀರಿ, ಬರುವಾಗ ಒಂದು ಕಿಲೋ ವರ್ಕಿ ಕಟ್ಟಿಸಿಕೊಂಡು ಬಂದಿರುತ್ತೀರಿ. ನಾನು ಹೇಳಹೊರಟಿರುವುದು ಆ ಊಟಿಯ ಮಾತಲ್ಲ. ಜನವರಿ ತಿಂಗಳಲ್ಲಿ, ಪ್ರವಾಸಿಗಳು ಹಾಸಿಗೆಯಿಂದ ಏಳುವ ಮೊದಲೇ ಎದ್ದು ಕರಗಿಹೋಗುವ ಒಂದು ಊಟಿಯಿದೆ. ಅದನ್ನು ನಾನು ನೋಡಿದ್ದು ಈಚಿನ ಒಂದು ಸಂಕ್ರಾಂತಿ ರಜೆಯಲ್ಲಿ. ನೋಡಿದ್ದಕ್ಕೆ ಆರು ಡಬ್ಬ ಆಲೂಗಡ್ಡೆ ಗಿಡಗಳನ್ನು ಬಲಿಕೊಟ್ಟೆ. ಬಲಿಕೊಟ್ಟದ್ದು ನಾನು, ಗಿಡ ಇನ್ನೊಬ್ಬರದು.

ರಾತ್ರಿ ಚೆನ್ನೈ ಸೆಂಟ್ರಲ್‌ನಲ್ಲಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮೇಟ್ಟುಪಾಳಯಂ. ಅಲ್ಲಿಂದ ಬೆಟ್ಟದ ಪುಟ್ಟ ರೈಲು. 46 ಕಿಲೋಮೀಟರ್ ದಾರಿಗೆ ಅರ್ಧ ದಿನ ತೆಗೆದುಕೊಳ್ಳುವ ಈ ರೈಲು ಕೂನೂರಿನವರೆಗೆ ಬಂದದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ಕೂನೂರು ದಾಟಿ, ಅರವಂಕಾಡು ದಾಟಿ, ಕೇತ್ತಿ ನಿಲ್ದಾಣ ಬಂದಾಗ ಕಿಟಕಿಯಿಂದ ಕೆಳಗೆ ನೋಡಿ. ಬಟ್ಟಲಿನ ಹಾಗೆ ಒಂದು ದೊಡ್ಡ ಕಣಿವೆ, ಅದರ ತುಂಬ ಮೆಟ್ಟಿಲು ಮೆಟ್ಟಿಲಾಗಿ ಕೋಸು, ಕ್ಯಾರೆಟ್, ಆಲೂಗಡ್ಡೆ. ನಡುನಡುವೆ ಒತ್ತೊತ್ತಾಗಿ ಸಾಲು ಮನೆಗಳ ಊರುಗಳು. ಅವು ಬಡಗರ ಹಟ್ಟಿಗಳು. ಹಟ್ಟಿ ಎಂದರೇನೆಂದು ನಿಮಗೆ ನಾನು ಅರ್ಥ ಹೇಳಬೇಕಾಗಿಲ್ಲ, ಅಲ್ಲವೇ? ನಿಮ್ಮ ಅಜ್ಜಿಯೂ ಆ ಮಾತನ್ನು ಆಡಿರುತ್ತಾರೆ. ಬಡಗ ಎಂದರೆ ಉತ್ತರದವನು. ಮೈಸೂರು ಸೀಮೆಯ ಕಡೆಯಿಂದ ಶತಮಾನಗಳ ಹಿಂದೆ ಬೆಟ್ಟ ಹತ್ತಿ ಬಂದವರೆಂಬುದು ಪರಂಪರೆಯ ಮಾತು. ಅವರ ಭಾಷೆ ಕನ್ನಡದ ಒಂದು ಕವಲೆಂದು ಹಿಂದೆ ಹೇಳುತ್ತಿದ್ದರು, ಸ್ವತಂತ್ರ ಭಾಷೆಯೆಂದು ಅನೇಕ ವಿದ್ವಾಂಸರು ಹೇಳುತ್ತಾರೆ, ಬಡಗರೂ ಹಾಗೆಯೇ ಹೇಳುತ್ತಾರೆ. ಅವರ ಭಾಷೆಯ ಬಗ್ಗೆ ಅವರ ಮಾತೇ ದೊಡ್ಡದು ಎಂದು ನನ್ನ ಅಭಿಪ್ರಾಯ. ಆದರೂ ಹಾಲು ಹಾಲೇ, ಹಬ್ಬ ಹಬ್ಬವೇ. ತಮಿಳಿನ ನಡುವೆ ದಿನವೆಲ್ಲ ಓಡಾಡುವ ನಮ್ಮ ಕಿವಿಗೆ ಆ 'ಹ'ಕಾರ ಬಿದ್ದಾಗ ಆಗುವ ಸಂತೋಷವನ್ನು ಅಲ್ಲಿ ಹೋಗಿಯೇ ಅನುಭವಿಸಬೇಕು.

ನಾನು ಹೋದದ್ದು ನನ್ನ ಜೊತೆ ಕೆಲಸ ಮಾಡಿದ ಬಡಗ ಗೆಳೆಯರೊಬ್ಬರ ಮನೆಗೆ. ಮನೆ ಹಟ್ಟಿಯಲ್ಲಿರಲಿಲ್ಲ. ಊಟಿಯ ತಗ್ಗಿನ ಕಾಂದಲ್ ಬಡಾವಣೆಯಲ್ಲಿ, ಸಿಮೆಂಟು ಅಂಗಳದ ಒಂದು ಸಣ್ಣ ಮನೆ. ಅವರ ತಾಯಿ, ಎಂಬತ್ತು ದಾಟಿದವರು, ಹಟ್ಟಿಯ ಹೊಲವನ್ನು ಮಾರಿದ ಮೇಲೆ ಮಗನ ಜೊತೆ ಇಲ್ಲಿಗೆ ಬಂದಿದ್ದರು. ಹೊಲ ಬಿಟ್ಟರೂ ಆಲೂಗಡ್ಡೆ ಬಿಟ್ಟಿರಲಿಲ್ಲ. ಅಂಗಳದಲ್ಲಿ ಹದಿನಾಲ್ಕು ಎಣ್ಣೆ ಡಬ್ಬಗಳು, ಹದಿನೈದು ಕಿಲೋ ಎಣ್ಣೆ ಬರುವ ಚೌಕದ ತಗಡಿನ ಡಬ್ಬಗಳು. ತಳಕ್ಕೆ ಮೊಳೆಯಿಂದ ತೂತು, ಒಳಗೆ ಎಲೆಗೊಬ್ಬರ ಬೆರೆಸಿದ ಮಣ್ಣು, ಡಬ್ಬಕ್ಕೊಂದು ಗೆಡ್ಡೆ. ಎಂಟು ಡಬ್ಬ ಗೋಡೆಯ ಪಕ್ಕ ಸೂರಿನ ಕೆಳಗೆ, ಆರು ಅಂಗಳದ ಮಧ್ಯೆ ಬಿಸಿಲಿನಲ್ಲಿ.

ಆ ಆರು ಡಬ್ಬಗಳಲ್ಲಿ ಇದ್ದದ್ದು ಹೊಲದ ಕೊನೆಯ ಬೆಳೆಯಿಂದ ಆರಿಸಿ, ಪ್ರತಿವರ್ಷ ಮತ್ತೆ ಬೆಳೆದು ಉಳಿಸಿಕೊಂಡು ಬಂದ ಬೀಜ. ತಳಿ ದೊಡ್ಡದೇನಲ್ಲ, ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾಗಿ ದೇಶದ ಬೆಟ್ಟಗಳಲ್ಲೆಲ್ಲ ಹರಡಿದ ತಳಿ. ಬೇರೆಯವರಿಗೆ ಅದು ಮಾಮೂಲು ಆಲೂಗಡ್ಡೆ. ಅಜ್ಜಿಗೆ ಅದು ಹೊಲ.

ನೀಲಗಿರಿಯಲ್ಲಿ ಆಲೂಗಡ್ಡೆ ಬಂದದ್ದೇ ಬ್ರಿಟಿಷರ ಕಾಲದಲ್ಲಿ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದವನು, ಇಲ್ಲಿನ ಚಳಿ ಕಂಡು ತನ್ನ ದೇಶದ ತರಕಾರಿಗಳನ್ನು ಹಾಕಿಸಿದ. ರಾಗಿ, ಸಾಮೆ ಬೆಳೆಯುತ್ತಿದ್ದ ಬಡಗರು ಕೆಲವೇ ದಶಕಗಳಲ್ಲಿ ಈ ಗೆಡ್ಡೆಯನ್ನು ಹೊಟ್ಟೆಪಾಡಾಗಿ ಮಾಡಿಕೊಂಡರು. ಇಲ್ಲಿ ವರ್ಷಕ್ಕೆ ಮೂರು ಬಾರಿ ನಾಟಿ. ಮಾರ್ಚ್-ಏಪ್ರಿಲ್‌ನದು ಮುಖ್ಯ ಬೆಳೆ, ಆಗಸ್ಟ್ ಸುಮಾರಿನದು ಎರಡನೆಯದು, ಜನವರಿ-ಫೆಬ್ರವರಿಯಲ್ಲಿ ನೀರಾವರಿ ಇರುವ ಕಡೆ ಮೂರನೆಯದು. ಈ ಮೂರನೆಯದೇ ಮುಂಗಡ ಬೆಳೆ. ಬೇರೆಯವರ ಹೊಲದಲ್ಲಿ ಏನೂ ಇಲ್ಲದಾಗ ಇದು ಕೈಗೆ ಬರುತ್ತದೆ. ಅಜ್ಜಿ ಅದಕ್ಕಿಂತಲೂ ಮುಂದೆ, ಡಿಸೆಂಬರ್ ಮಧ್ಯದಲ್ಲೇ ಡಬ್ಬದಲ್ಲಿ ಹಾಕುತ್ತಿದ್ದರು. ಮೊಮ್ಮಗಳು ಚೆನ್ನೈನಲ್ಲಿ ಕಾಲೇಜು ಓದುತ್ತಾಳೆ. ಅವಳು ಪರೀಕ್ಷೆ ಮುಗಿಸಿ ಬರುವ ಹೊತ್ತಿಗೆ ಹೊಸ ಗೆಡ್ಡೆ ಬೇಯಬೇಕು, ಅಷ್ಟೇ ಲೆಕ್ಕ. ಹೀಗೆ ಮುಂಚೆ ಹಾಕಿದವರಿಗೆ ಲಾಭ ಹೇಗೋ ಅಪಾಯವೂ ಹಾಗೆಯೇ. ಗಿಡ ಒಂದು ಗೇಣು ಬೆಳೆದು ಎಳೆ ಎಲೆ ಬಿಡುವ ಸಮಯಕ್ಕೇ ಹಿಮದ ದಿನಗಳು ಬರುತ್ತವೆ.

ಹಿಮ ಎಂದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಒಂದೇ ಮಾತು ಇಲ್ಲ, ಏಕೆಂದರೆ ನಮ್ಮ ಊರುಗಳಲ್ಲಿ ಈ ಪದಾರ್ಥವೇ ಅಪರೂಪ. ಮಂಜು ಎಂದರೆ ಗಾಳಿಯಲ್ಲಿ ತೇಲುವುದು, ಇಬ್ಬನಿ ಎಂದರೆ ಎಲೆಯ ಮೇಲೆ ಹನಿಯಾಗುವುದು. ಎಲೆ ಸೊನ್ನೆ ಡಿಗ್ರಿಗಿಂತ ತಣ್ಣಗಾದಾಗ ಗಾಳಿಯ ತೇವ ಹನಿಯಾಗದೆ ನೇರವಾಗಿ ಬಿಳಿಯ ಹರಳಾಗಿ ಕೂರುತ್ತದೆ. ಊಟಿಯ ಹಿಮ ಇದು. ಕಾಶ್ಮೀರದ ಹಾಗೆ ಆಕಾಶದಿಂದ ಬೀಳುವುದಿಲ್ಲ, ಇದ್ದಲ್ಲೇ ಹುಟ್ಟುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಾಂದಲ್, ತಲೈಕುಂದಾ, ರೇಸ್ ಕೋರ್ಸ್ ಮೈದಾನ, ಸಸ್ಯೋದ್ಯಾನದ ಹುಲ್ಲುಹಾಸು, ಈ ತಗ್ಗು ಜಾಗಗಳೆಲ್ಲ ಕೆಲವು ಮುಂಜಾನೆ ಉಪ್ಪು ಚೆಲ್ಲಿದಂತೆ ಕಾಣುತ್ತವೆ. ಇಳಿಜಾರಿನ ಮೇಲಿನ ಮನೆಗಳಲ್ಲಿ ಅದೇ ರಾತ್ರಿ ಏನೂ ಇರುವುದಿಲ್ಲ. ತಣ್ಣನೆಯ ಗಾಳಿ ಭಾರ, ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ.

ಸಂಕ್ರಾಂತಿಯ ಮಾರನೆಯ ಸಂಜೆ. ಗಾಳಿ ಇರಲಿಲ್ಲ, ಮೋಡವಿರಲಿಲ್ಲ, ನಕ್ಷತ್ರಗಳು ಬಹಳ ಹತ್ತಿರ ಬಂದಂತೆ ಕಾಣುತ್ತಿದ್ದವು. ನಾನು ಮೆಚ್ಚುತ್ತಾ ನಿಂತಿದ್ದರೆ ಅಜ್ಜಿ ಮುಖ ಗಂಟಿಕ್ಕಿದರು. ಡಬ್ಬ ಒಳಗೆ ಸರಿಸಬೇಕು ಎಂದರು. ದಿನವೂ ಸಂಜೆ ಮೊಮ್ಮಗಳು ಆ ಆರು ಡಬ್ಬಗಳನ್ನು ಸೂರಿನ ಕೆಳಗೆ ಎಳೆದಿಟ್ಟು ಬೆಳಗ್ಗೆ ಮತ್ತೆ ಬಿಸಿಲಿಗೆ ತರುತ್ತಿದ್ದಳಂತೆ. ಅವಳು ಆ ದಿನ ಕೋತಗಿರಿಯ ನೆಂಟರ ಮನೆಗೆ ಹೋಗಿದ್ದಳು. ತುಂಬಿದ ಡಬ್ಬ ಭಾರ, ನನ್ನ ಬೆನ್ನು ಹಳೆಯದು. 'ಎಳೆಯುವುದೇಕೆ? ನನ್ನ ಹತ್ತಿರ ಪ್ಲಾಸ್ಟಿಕ್ ಹಾಳೆ ಇದೆ, ಹೊದಿಸಿಬಿಡುತ್ತೇನೆ' ಎಂದೆ. ಚೆನ್ನೈನಿಂದ ಹಾಸಿಗೆಯ ಚೀಲಕ್ಕೆಂದು ತಂದಿದ್ದ ತೆಳು ಹಾಳೆ ಅದು. ಅಜ್ಜಿಗೆ ಒಪ್ಪಿಗೆ ಇರಲಿಲ್ಲ, ಆದರೆ ಅತಿಥಿಯ ಮಾತನ್ನು ಹೇಗೆ ತೆಗೆದುಹಾಕುವುದು? ನಾನು ಹಾಳೆಯನ್ನು ಗಿಡಗಳ ತಲೆಯ ಮೇಲೆ ಎಳೆದು, ಪ್ರತಿ ಡಬ್ಬದ ಕುತ್ತಿಗೆಗೆ ಚೆನ್ನಾಗಿ ಹಗ್ಗ ಬಿಗಿದು, ಕೈ ತೊಳೆದುಕೊಂಡು ಊಟಕ್ಕೆ ಕುಳಿತೆ.

ಬೆಳಗ್ಗೆ ಆರಕ್ಕೆ ಎದ್ದು ಬಾಗಿಲು ತೆರೆದರೆ ಅಂಗಳ ಬೆಳ್ಳಗಿತ್ತು. ಎದುರುಮನೆಯ ಸ್ಕೂಟರಿನ ಸೀಟು ಬೆಳ್ಳಗೆ, ಬೇಲಿಯ ತಂತಿ ಬೆಳ್ಳಗೆ, ನನ್ನ ಪ್ಲಾಸ್ಟಿಕ್ ಹಾಳೆಯೂ ಬೆಳ್ಳಗೆ. ಹಾಳೆ ಬಿಚ್ಚಿದೆ. ಅದಕ್ಕೆ ತಗುಲಿದ್ದ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಡುಹಸಿರಾಗಿ, ನೀರು ಕುಡಿದಂತೆ ಜೋತುಬಿದ್ದಿದ್ದವು. ಬಿಸಿಲು ಬಂದು ಒಂದು ಗಂಟೆಯಾಗುವಷ್ಟರಲ್ಲಿ ಆರೂ ಡಬ್ಬಗಳ ಗಿಡ ಕಪ್ಪಾದವು. ಸೂರಿನ ಕೆಳಗಿನ ಎಂಟು ಡಬ್ಬಗಳಿಗೆ ಏನೂ ಆಗಿರಲಿಲ್ಲ. ಅವಕ್ಕೆ ಹೊದಿಕೆಯೇ ಇರಲಿಲ್ಲ ಎಂಬುದನ್ನು ಗಮನಿಸಿ.

ಅಜ್ಜಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಮೆಟ್ಟಿಲ ಮೇಲೆ ಕುಳಿತು ಒಂದು ಕಪ್ಪು ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ ಸುಮ್ಮನಿದ್ದರು. ಆಮೇಲೆ ಹೇಳತೊಡಗಿದರು. ಅವರು ಬಡಗದಲ್ಲಿ, ನಾನು ಕನ್ನಡದಲ್ಲಿ. ಅರ್ಧ ಮಾತು ತಿಳಿಯಿತು, ಉಳಿದರ್ಧವನ್ನು ಅವರ ಮಗ ವಿವರಿಸಿದರು. ನಾನು ಶಾಲೆಯಲ್ಲಿ ಓದಿದ್ದ ವಿಜ್ಞಾನ ಅಷ್ಟೂ ಆ ಮೆಟ್ಟಿಲ ಮೇಲೆ ನೆನಪಿಗೆ ಬಂತು.

ಮಿತ್ರರೇ, ಗಿಡವನ್ನು ಕೊಲ್ಲುವುದು ಚಳಿಗಾಳಿ ಎಂದು ನಾವು ತಿಳಿದಿರುತ್ತೇವೆ. ಗಾಳಿ ಬೀಸುವ ರಾತ್ರಿ ಹಿಮ ಬರುವುದು ಅಪರೂಪ, ಮೇಲಿನ ಬೆಚ್ಚನೆಯ ಗಾಳಿ ಕೆಳಗಿನದರ ಜೊತೆ ಬೆರೆಯುತ್ತದೆ. ಮೋಡವಿದ್ದರೂ ಬರುವುದಿಲ್ಲ, ಮೋಡ ಕಂಬಳಿ. ನಿಶ್ಚಲವಾದ ತಿಳಿಯಾದ ರಾತ್ರಿಯಲ್ಲಿ ನೆಲವೂ ಎಲೆಯೂ ಹಗಲು ಗಳಿಸಿದ ಶಾಖವನ್ನು ಆಕಾಶಕ್ಕೆ ಸುರಿದುಬಿಡುತ್ತವೆ. ಆಕಾಶವನ್ನು ನೇರವಾಗಿ ನೋಡುವ ಎಲೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆದ್ದರಿಂದಲೇ ನಾಲ್ಕಡಿ ಎತ್ತರದ ಪೆಟ್ಟಿಗೆಯಲ್ಲಿಟ್ಟ ಥರ್ಮಾಮೀಟರ್ ಮೂರು ಡಿಗ್ರಿ ತೋರಿಸುತ್ತಿದ್ದರೂ ಹುಲ್ಲಿನ ಮೇಲೆ ಹಿಮ ಕೂರಬಹುದು. ಆಲೂಗಡ್ಡೆಯ ಎಲೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿದರೆ ಸಾಕು, ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳು ಹರಿಯುತ್ತವೆ.

ಸೂರು ಮಾಡಿದ್ದು ಇಷ್ಟೇ, ಗಿಡದ ಕಣ್ಣಿಗೆ ಆಕಾಶ ಕಾಣದಂತೆ ಮರೆಮಾಡಿತು. ಅದರ ಹಿಂದಿನ ಕಲ್ಲುಗೋಡೆ ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ರಾತ್ರಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟಿತು. ನನ್ನ ತೆಳು ಪಾಲಿಥೀನ್ ಶಾಖದ ಕಿರಣಗಳನ್ನು ತಡೆಯುವುದೇ ಇಲ್ಲ, ಸೋಸಿ ಹೊರಗೆ ಬಿಡುತ್ತದೆ. ತಾನೇ ತಣ್ಣಗಾಗಿ, ತಗುಲಿದ ಎಲೆಯನ್ನೂ ತಣ್ಣಗೆ ಮಾಡುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಆ ಹಗ್ಗ. ಹೊದಿಕೆ ಇರುವುದು ಗಿಡವನ್ನು ಬೆಚ್ಚಗಿಡಲು ಅಲ್ಲ, ಗಿಡಕ್ಕೆ ತನ್ನದೇ ಆದ ಶಾಖ ಎಲ್ಲಿಂದ ಬರಬೇಕು? ಬೆಚ್ಚಗಿರುವುದು ನೆಲ. ಹೊದಿಕೆ ನೆಲದವರೆಗೆ ಡೇರೆಯ ಹಾಗೆ ಇಳಿದು ನೆಲದ ಶಾಖವನ್ನು ಒಳಗೆ ಹಿಡಿಯಬೇಕು. ನಾನು ಡಬ್ಬದ ಕುತ್ತಿಗೆಗೆ ಬಿಗಿದು ಅದನ್ನು ಹೊರಗಿಟ್ಟೆ.

ಡಬ್ಬದ ಗಿಡದ ಕಷ್ಟವೇ ಅದು. ಹೊಲದಲ್ಲಿ ಗಿಡದ ಕೆಳಗೆ ಇಡೀ ಭೂಮಿ ಇದೆ. ಡಬ್ಬದಲ್ಲಿರುವುದು ಹಿಡಿ ಮಣ್ಣು, ನಾಲ್ಕು ಕಡೆಯಿಂದಲೂ ಚಳಿ ತಾಗುವ ತಗಡು. ಹೊಲದ ಗಿಡಕ್ಕಿಂತ ಬೇಗ ತಣ್ಣಗಾಗುತ್ತದೆ. ಆದರೆ ಹೊಲದ ಗಿಡಕ್ಕಿಲ್ಲದ ಒಂದು ಅನುಕೂಲ ಇದಕ್ಕಿದೆ, ಎತ್ತಿ ಬೇರೆ ಕಡೆ ಇಡಬಹುದು. ಆ ಒಂದೇ ಅನುಕೂಲವನ್ನು ನಾನು ನನ್ನ ಬೆನ್ನಿನ ಸಲುವಾಗಿ ಕಳೆದೆ.

ಮಾರನೆಯ ರಾತ್ರಿಯೂ ಹಿಮ ಬರುವ ಲಕ್ಷಣವಿತ್ತು. ಈ ಬಾರಿ ಅಜ್ಜಿ ಹೇಳಿದಂತೆ ನಾನು ಆಳು. ಮಧ್ಯಾಹ್ನ ಬಿಸಿಲಿರುವಾಗಲೇ ಹದಿನಾಲ್ಕು ಡಬ್ಬಕ್ಕೂ ಹದವಾಗಿ ನೀರು ಹಾಕಿಸಿದರು. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖ ಹಿಡಿಯುತ್ತದೆ. ಪಂಜಾಬಿನ ಆಲೂಗಡ್ಡೆ ರೈತರೂ ಹಿಮದ ಮುನ್ಸೂಚನೆ ಬಂದಾಗ ಹೊಲಕ್ಕೆ ಲಘುವಾಗಿ ನೀರು ಕೊಡುತ್ತಾರೆ. ನಮ್ಮ ಹಾಸನದ ರೈತರು ನಾಟಿಗೆ ಕೊಳ್ಳುವ ಬೀಜ ಬರುವುದು ಆ ಜಲಂಧರ್ ಕಡೆಯಿಂದಲೇ, ಹಾಗಾಗಿ ಹಾಸನದಲ್ಲಿ ಹಿಮವಿಲ್ಲದಿದ್ದರೂ ಪಂಜಾಬಿನ ಹಿಮಕ್ಕೂ ಹಾಸನಕ್ಕೂ ನಂಟಿದೆ. ಮಣ್ಣಿನ ಮೇಲೆ ಹಾಸಿದ್ದ ಒಣಹುಲ್ಲನ್ನು ತೆಗೆಸಿದರು. ನನಗೆ ಆಶ್ಚರ್ಯ, ಹುಲ್ಲು ಬೆಚ್ಚಗಲ್ಲವೇ? ಮಣ್ಣಿಗೆ ಬೆಚ್ಚಗೆ. ಆದರೆ ಆ ಶಾಖ ಹುಲ್ಲಿನ ಕೆಳಗೇ ಉಳಿದು ಎಲೆಗೆ ಸೇರುವುದಿಲ್ಲ. ಬದಲಿಗೆ ಎಳೆಗಿಡಗಳ ಬುಡಕ್ಕೆ ಇನ್ನಷ್ಟು ಮಣ್ಣೇರಿಸಿದರು, ತುದಿಯ ಎರಡು ಎಲೆ ಮಾತ್ರ ಕಾಣುವಷ್ಟು. ಮಣ್ಣೊಳಗಿನ ಕಾಂಡಕ್ಕೆ ಹಿಮ ಮುಟ್ಟುವುದಿಲ್ಲ, ಗೆಡ್ಡೆ ಕಟ್ಟುವುದೂ ಅಲ್ಲಿಯೇ. ಸಂಜೆ ಡಬ್ಬಗಳನ್ನೆಲ್ಲ ಗೋಡೆಗೆ ಒತ್ತಿ ಒಂದಕ್ಕೊಂದು ತಾಗುವಂತೆ ಕೂರಿಸಿ, ನಡುವೆ ನೀರು ತುಂಬಿದ ಎರಡು ಕೊಡ ಇಟ್ಟು, ಕೋಲು ನೆಟ್ಟು, ಎಲೆಗೆ ತಾಗದಂತೆ ಗೋಣಿತಾಟು ನೆಲದವರೆಗೆ ಇಳಿಬಿಟ್ಟೆವು. ಅದರ ಮೇಲೆ ಒಣಗಿದ ಜರಿಗಿಡ. ನೀಲಗಿರಿಯ ಚಹಾ ತೋಟಗಳಲ್ಲಿ ಎಳೆಯ ಗಿಡಗಳಿಗೆ ಈ ಜರಿಯನ್ನೇ ಹೊದಿಸುತ್ತಾರೆ. ಸಸ್ಯೋದ್ಯಾನದಲ್ಲೂ ಹೂವಿನ ಎಳೆಗಿಡಗಳಿಗೆ ಚಳಿಗಾಲದಲ್ಲಿ ಕಾಡಿನ ಸೊಪ್ಪಿನ ಹೊದಿಕೆ ನೋಡಬಹುದು.

ನೀರಿನ ಕೊಡದ ಉಪಾಯ ನನಗೆ ಬಹಳ ಹಿಡಿಸಿತು. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳು. ಅಲ್ಲಿ ಟಿಟಿಕಾಕಾ ಸರೋವರದ ದಂಡೆಯಲ್ಲಿ ಪ್ರಾಚೀನರು ಎತ್ತರದ ಮಡಿಗಳ ಸುತ್ತ ಕಾಲುವೆ ತೋಡಿ ನೀರು ನಿಲ್ಲಿಸುತ್ತಿದ್ದರು. ಹಗಲು ಬಿಸಿಯಾದ ಆ ನೀರು ರಾತ್ರಿ ಬೆಳೆಯನ್ನು ಹಿಮದಿಂದ ಕಾಯುತ್ತಿತ್ತು. ಅದೇ ಜನ ಹಿಮಕ್ಕೆ ಬರೀ ಹೆದರಿದವರಲ್ಲ, ಅದನ್ನು ದುಡಿಸಿಕೊಂಡವರು. ಕಿತ್ತ ಗೆಡ್ಡೆಗಳನ್ನು ರಾತ್ರಿ ಹಿಮದಲ್ಲಿ ಹರಡಿ, ಹಗಲು ತುಳಿದು ನೀರು ತೆಗೆದು ಒಣಗಿಸಿ ವರ್ಷಗಟ್ಟಲೆ ಕೆಡದ 'ಚುನ್ಯೋ' ಮಾಡುತ್ತಾರೆ. ನಮ್ಮ ಸಂಡಿಗೆಯ ಬಿಸಿಲನ್ನು ಅವರು ಚಳಿಯಿಂದ ಪಡೆದರು ಎನ್ನಿ. ಅಜ್ಜಿಗೆ ಇದನ್ನು ಹೇಳಿದೆ. ಆಲೂಗಡ್ಡೆ ತುಳಿಯುವುದೇ ಎಂದು ಮುಖ ಸಿಂಡರಿಸಿದರು.

ಬೆಳಗ್ಗೆ ಮತ್ತೆ ಅಂಗಳ ಬೆಳ್ಳಗಿತ್ತು. ಡೇರೆಯೊಳಗೆ ಎಂಟು ಗಿಡಗಳೂ ಹಸಿರಾಗಿದ್ದವು. ಬಿಸಿಲು ಬಲಿತ ತಕ್ಷಣ ಹೊದಿಕೆ ತೆಗೆಯಲು ಅಜ್ಜಿ ಅವಸರಪಡಿಸಿದರು. ಮುಚ್ಚಿದ್ದಂತೆಯೇ ಬಿಟ್ಟರೆ ಒಳಗೆ ತೇವ ನಿಂತು ಅಂಗಮಾರಿ ರೋಗ ಬರುತ್ತದೆ, ಹಿಮದಿಂದ ಉಳಿದದ್ದು ರೋಗಕ್ಕೆ ಹೋಗುತ್ತದೆ. ಸಂಜೆ ಹೊದಿಸು, ಬೆಳಗ್ಗೆ ತೆಗೆ, ಈ ಎರಡರಲ್ಲಿ ಎರಡನೆಯದನ್ನೇ ಜನ ಮರೆಯುತ್ತಾರಂತೆ. ಅಂದು ಬಸ್ಸಿನಲ್ಲಿ ಕೇತ್ತಿಯ ಕಡೆ ಹೋದಾಗ, ಸೂರ್ಯ ಕಣಿವೆಗೆ ಇಳಿಯುವ ಮುಂಚೆಯೇ ರೈತರು ತುಂತುರು ನೀರಾವರಿ ಹಚ್ಚಿ ಹೊಲದ ಹಿಮವನ್ನು ತೊಳೆಯುತ್ತಿದ್ದುದನ್ನು ಕಂಡೆ. ಹೊಲವನ್ನು ಒಳಗೆ ಸರಿಸುವಂತಿಲ್ಲವಲ್ಲ.

ಕಪ್ಪಾದ ಆರು ಡಬ್ಬಗಳನ್ನು ನಾನು ಖಾಲಿ ಮಾಡಹೊರಟೆ. ಅಜ್ಜಿ ತಡೆದರು. ಕಪ್ಪು ಕಾಂಡವನ್ನೂ ಕೀಳಬೇಡ, ನೀರು ಹೆಚ್ಚು ಹಾಕಬೇಡ, ಗೋಡೆಯ ಪಕ್ಕ ಇಟ್ಟು ಸುಮ್ಮನಿರು ಎಂದರು. ನಾನು ಕ್ಷಮೆ ಕೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಚಹಾ ತರಲು ಒಳಗೆ ಹೋದರು.

ಚೆನ್ನೈಗೆ ಮರಳಿ ಬಂದ ಮೇಲೆ ಫೋನ್ ಮಾಡಲು ಎರಡು ವಾರ ಧೈರ್ಯವಾಗಲಿಲ್ಲ. ಮೂರನೆಯ ವಾರ ಮೊಮ್ಮಗಳೇ ಮಾಡಿದಳು. ಆರರಲ್ಲಿ ನಾಲ್ಕು ಡಬ್ಬಗಳಲ್ಲಿ ಮಣ್ಣೊಳಗಿನ ಕಣ್ಣುಗಳಿಂದ ಹೊಸ ಚಿಗುರು ಎದ್ದಿತ್ತು. ಎರಡು ಹೋದವು. ಬೆಳೆ ತಡ, ಗೆಡ್ಡೆ ಸಣ್ಣವು, ಪರೀಕ್ಷೆಯ ಹೊತ್ತಿಗೆ ಸಿಗಲಾರವು, ಆದರೆ ಬೀಜಕ್ಕೆ ಸಾಕು ಎಂದು ಅಜ್ಜಿ ಹೇಳಿದ್ದರು. ಅವಳು ನನ್ನೊಡನೆ ಮಾತಾಡುತ್ತಿದ್ದದ್ದು ತಮಿಳಿನಲ್ಲಿ. ಹಿಂದಿನಿಂದ ಅಜ್ಜಿ ಬಡಗದಲ್ಲಿ ಏನೋ ಕೂಗಿ ಹೇಳಿದರು, ಇವಳು ತಿರುಗಿ ಬಡಗದಲ್ಲೇ ಉತ್ತರ ಕೊಟ್ಟು, ಮತ್ತೆ ನನ್ನ ಕಡೆಗೆ ತಮಿಳಿಗೆ ಬಂದಳು. ನೀವೂ ಮನೆಯಲ್ಲಿ ಹೀಗೆಯೇ ಮಾಡುತ್ತೀರಿ, ನಾನು ನೋಡಿದ್ದೇನೆ.

ಏಪ್ರಿಲ್‌ನಲ್ಲಿ ಅವಳ ಕೈಯಲ್ಲಿ ಎರಡು ಕಿಲೋದಷ್ಟು ಗೆಡ್ಡೆ ಬಂತು, ಸೂರಿನ ಕೆಳಗಿದ್ದ ಎಂಟು ಡಬ್ಬಗಳದು, ತೊಳೆದು ಮಣ್ಣು ತೆಗೆದದ್ದು. ಸಿಪ್ಪೆ ಎಷ್ಟು ತೆಳುವೆಂದರೆ ಉಗುರಿನಲ್ಲೇ ಜಾರುತ್ತಿತ್ತು. ಜೊತೆಗೆ ಒಂದು ಎಚ್ಚರಿಕೆ, ತಿನ್ನುವುದಕ್ಕೆ ಮಾತ್ರ, ನೆಡಕೂಡದು. ಅದಕ್ಕೆ ಕಾರಣವಿದೆ. 1961ರಲ್ಲಿ ಎಫ್. ಜಿ. ಡಬ್ಲ್ಯೂ. ಜೋನ್ಸ್ ಎಂಬ ವಿಜ್ಞಾನಿ ಊಟಿಯ ಹೊಲವೊಂದರಲ್ಲಿ ಆಲೂಗಡ್ಡೆಯ ಬೇರು ತಿನ್ನುವ ಸೂಕ್ಷ್ಮ ಜಂತುಹುಳುವನ್ನು ಕಂಡುಹಿಡಿದರು. ಭಾರತದಲ್ಲಿ ಅದು ಕಂಡದ್ದು ಅದೇ ಮೊದಲು. ಅದರ ಮೊಟ್ಟೆಗಳು ಸಣ್ಣ ಚೀಲದೊಳಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಣ್ಣಿನಲ್ಲಿ ಕಾಯುತ್ತವೆ. 1971ರಲ್ಲಿ ನೀಲಗಿರಿಯ ಬಿತ್ತನೆ ಆಲೂಗಡ್ಡೆ ಜಿಲ್ಲೆಯಿಂದ ಹೊರಗೆ ಹೋಗದಂತೆ ನಿರ್ಬಂಧ ಬಂತು. ಊಟಿಯ ಬಳಿಯ ಮುತ್ತೊರೈ ಆಲೂಗಡ್ಡೆ ಸಂಶೋಧನಾ ಕೇಂದ್ರದಲ್ಲಿ ಈ ಹುಳುವನ್ನು ತಡೆಯುವ ಕುಫ್ರಿ ಸ್ವರ್ಣ ಎಂಬ ತಳಿಯನ್ನೇ 1985ರ ಸುಮಾರಿಗೆ ಹೊರತಂದರು. ಅಜ್ಜಿ ಹಳೆಯ ಹೊಲದ ಮಣ್ಣನ್ನು ತಾರದೆ ಡಬ್ಬಕ್ಕೆ ಹೊಸ ಮಣ್ಣು ಹಾಕುತ್ತಿದ್ದದ್ದೂ ಇದೇ ಹುಳುವಿನ ಭಯದಿಂದ. ಬೀಜ ಬಂತು, ಮಣ್ಣು ಬರಲಿಲ್ಲ.

ಮೊದಲ ದಿನ ಸುಮ್ಮನೆ ಉಪ್ಪು ಹಾಕಿ ಬೇಯಿಸಿ ತಿಂದೆವು. ಎರಡನೆಯ ದಿನ ಪಲ್ಯ. ಬುಟ್ಟಿಯ ತಳದಲ್ಲಿ ಅಡಗಿದ್ದ ಒಂದು ಗೆಡ್ಡೆ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿದು, ಜೂನ್ ತಿಂಗಳ ಒಂದು ಬೆಳಗ್ಗೆ ನೋಡಿದರೆ ಮೂರು ಕಡೆ ಮೊಳಕೆ ಒಡೆದಿತ್ತು. ನಮ್ಮ ಬಾಲ್ಕನಿಯಲ್ಲಿ ಒಂದು ಖಾಲಿ ಎಣ್ಣೆ ಡಬ್ಬವೂ ಇತ್ತು. ಸ್ವಲ್ಪ ಹೊತ್ತು ಎರಡನ್ನೂ ನೋಡುತ್ತಾ ನಿಂತೆ. ಆಮೇಲೆ ಊಟಿಗೆ ಫೋನ್ ಮಾಡಿ, ಈ ವರ್ಷ ಡಬ್ಬ ಸರಿಸಲು ಡಿಸೆಂಬರ್‌ನಲ್ಲಿ ನಾನು ಬರಲೇ ಎಂದು ಕೇಳಿದೆ. ಪ್ಲಾಸ್ಟಿಕ್ ತರಬೇಡ ಎಂದರು ಅಜ್ಜಿ.